ಕೈ ಮೊದಲೋ, ಕಾಲು ಮೊದಲೋ

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಧುಗಿರಿಯ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಜವಾನನಾಗಿದ್ದೆ. ಸಾಹೇಬರು ಪೀಠದಲ್ಲಿ ಕೂತು ಕಡತ ತೆರೆದ ಕೂಡಲೇ ಬಾಗಿಲಿಗೆ ಬಂದು ಕಕ್ಷಿಗಾರನ ಹೆಸರು, ಅವನ ಅಪ್ಪನ ಹೆಸರು, ಊರು ಎಲ್ಲ ಸೇರಿಸಿ ಮೂರು ಸಲ ಕೂಗುವುದು ನನ್ನ ಕೆಲಸ. ಮರದ ಕೆಳಗೆ ಎಲೆಅಡಿಕೆ ಮೆಲ್ಲುತ್ತ ಕೂತವನಿಗೂ ರಸ್ತೆಯಾಚೆ ಟೀ ಕುಡಿಯುತ್ತಿದ್ದವನಿಗೂ ಅದು ಕೇಳಿಸುತ್ತಿತ್ತು. ನಾನು ಕೂಗಿದ ಹೆಸರು ಬೆಟ್ಟಕ್ಕೆ ಬಡಿದು ವಾಪಸ್ಸು ಬರುತ್ತದೆ ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ನಿವೃತ್ತನಾದ ದಿನ ಹಾರ ಹಾಕಿ ಶಾಲು ಹೊದಿಸಿ ಕಳಿಸಿದರು. ಬಿಲ್ಲೆ, ಪಟ್ಟಿ, ಬೀಗದ ಕೈ ಎಲ್ಲ ವಾಪಸ್ಸು ತೆಗೆದುಕೊಂಡರು. ಗಂಟಲನ್ನು ಮಾತ್ರ ಯಾರೂ ಕೇಳಲಿಲ್ಲ. ಅಲ್ಲಿಯವರೆಗೆ ಭಾನುವಾರಕ್ಕೊಮ್ಮೆ ಕಬಡ್ಡಿ ಮೈದಾನದಲ್ಲಿ ಕೇಳಿಸುತ್ತಿದ್ದದ್ದು ಆಮೇಲೆ ವಾರಪೂರ್ತಿ ಕೇಳಿಸತೊಡಗಿತು.

ನಾನು ನೋಡುವುದು ಹೆಣ್ಣುಮಕ್ಕಳ ಕಬಡ್ಡಿ, ಅದರಲ್ಲೂ ಕಾಲೇಜು ಹುಡುಗಿಯರದು. ಗಂಡು ಹುಡುಗರು ಮೈಬಲ ನಂಬಿ ನುಗ್ಗುತ್ತಾರೆ. ಹೆಣ್ಣುಮಕ್ಕಳು ಗಡಿಯಾರ ನೋಡಿಕೊಂಡು ಆಡುತ್ತಾರೆ. ಕೊನೆಯ ಮೂರು ನಿಮಿಷ ಬಂತೆಂದರೆ ಆ ಜಡೆ ಸುತ್ತಿ ಕಟ್ಟಿದ ತಲೆಗಳೊಳಗೆ ಏನು ನಡೆಯುತ್ತಿದೆ ಎಂದು ಊಹಿಸುವುದೇ ನಮ್ಮ ಆಟ. ನಮ್ಮ ಎಂದರೆ ಮೂವರದು. ನಾನು ಒಬ್ಬ. ಇನ್ನೊಬ್ಬರು ಶಿರಾದ ನಿವೃತ್ತ ಬಸ್ ಡ್ರೈವರ್ ಸಾಹೇಬರು. ಮೂರನೆಯವರು ಪಾವಗಡದ ಕಡೆಯ ನಿವೃತ್ತ ಮೇಷ್ಟ್ರು. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವರು, ಎರಡರಲ್ಲೂ ಜಗಳ ಆಡುವವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಪಂದ್ಯ ನಡೆದರೂ ಮೂವರೂ ಮೊದಲ ಬಸ್ಸಿಗೆ ಬಂದಿಳಿಯುತ್ತೇವೆ. ನಮ್ಮನ್ನು ಕಂಡರೆ ವ್ಯಾಯಾಮ ಮೇಷ್ಟ್ರುಗಳಿಗೆ ನಗು. “ಥರ್ಡ್ ಅಂಪೈರ್‌ಗಳು ಬಂದ್ರು ಕಣ್ರಪ್ಪ, ಇನ್ನು ಶುರು ಮಾಡ್ಬೋದು” ಎನ್ನುತ್ತಾರೆ.

ನಮ್ಮ ಮೂವರದೂ ಒಂದೇ ಮಾತಾದ ದಿನ ನನಗೆ ನೆನಪಿಲ್ಲ. ಒಂದು ಪಾಯಿಂಟು ಮುಂದಿದ್ದು ಎರಡು ನಿಮಿಷ ಉಳಿದಿದೆ ಅನ್ನಿ. ಡ್ರೈವರ್ ಸಾಹೇಬರು, “ಅರೆ ಭಾಯ್, ಬ್ರೇಕ್ ಮೇಲೆ ಕಾಲಿಟ್ಕೊಂಡು ಇಳೀಬೇಕು. ಗೆರೆ ಮುಟ್ಟಿ ವಾಪಸ್ ಬರ್ಲಿ, ಟೈಮ್ ತಾನೇ ಹೋಗುತ್ತೆ” ಎನ್ನುತ್ತಾರೆ. ಘಾಟಿಯಲ್ಲಿ ಒಂದು ಸಲವೂ ಬಸ್ಸು ತಗುಲಿಸದ ಮನುಷ್ಯ ಇನ್ನೇನು ಹೇಳುತ್ತಾರೆ. ಮೇಷ್ಟ್ರು, ಎದುರಾಳಿ ಅಂಗಳದಲ್ಲಿ ಎಷ್ಟು ಜನ ಇದ್ದಾರೆ, ಅವರಲ್ಲಿ ಸುಸ್ತಾದವರೆಷ್ಟು ಎಂದು ಪಾಠದ ಹಾಗೆ ಶುರುಮಾಡುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. ನನ್ನದು ಒಂದೇ ಮಾತು: ಒಳಗೆ ಹೋದವಳು ಬರಿಗೈಯಲ್ಲಿ ಬರಬಾರದು. ಮೂರು ನಿಮಿಷದ ಆಟಕ್ಕೆ ನಾವು ಮೂರು ವಾರ ವಾದ ಮಾಡಿದ್ದೇವೆ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಒಮ್ಮೆ ಬಡವನಹಳ್ಳಿಯ ಸಂತೆಯಲ್ಲಿ ಹುರುಳಿಕಾಳಿನ ರಾಶಿಯ ಮುಂದೆ ನಿಂತು ಕಾಳಿನಲ್ಲೇ ಏಳು ಆಟಗಾರ್ತಿಯರನ್ನು ಜೋಡಿಸಿ ತೋರಿಸಿದ್ದಕ್ಕೆ ಅಂಗಡಿಯಾಕೆಯಿಂದ ಬೈಸಿಕೊಂಡಿದ್ದೇವೆ.

ಆಟದ ಯೋಚನೆಯಲ್ಲಿ ಹೀಗೆ ಮೂರು ದಾರಿಯಾದರೂ ಅಂಪೈರುಗಳನ್ನು ಬೈಯುವುದರಲ್ಲಿ ಮೂವರೂ ಒಂದೇ. ಅದರಲ್ಲಿ ಮುಂದಾಳು ನಾನು. ನನ್ನ ಜಾಗ ಗೆರೆಯಿಂದ ಒಂದು ಮಾರು ದೂರ. ಹಗ್ಗ ಕಟ್ಟಿದ್ದರೆ ಹಗ್ಗದ ಒಳಗೆ. ಚಕ್ಕಳಮಕ್ಕಳ ಹಾಕಿ, ಟವಲ್ಲು ತೊಡೆಯ ಮೇಲೆ ಹಾಸಿ ಕೂತರೆ ಮುಗಿಯಿತು. ಹಿಂದೆ ಹೋಗಿ ಎಂದು ಹೇಳಿದ ಅಂಪೈರುಗಳು ಎಷ್ಟೋ ಜನ. ಬೇಡಿಕೊಂಡವರಿದ್ದಾರೆ, ಪೊಲೀಸರನ್ನು ಕರೆಯುತ್ತೇನೆ ಎಂದವರೂ ಇದ್ದಾರೆ. ಯಾರೂ ನನ್ನನ್ನು ಅಲ್ಲಿಂದ ಒಂದು ಗೇಣು ಕದಲಿಸಿರಲಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಕಡೆಯ ಮೈದಾನಗಳಲ್ಲಿ ಒಂದು ರೂಢಿ ಇತ್ತು. ಮುಟ್ಟಿದಳೋ ಇಲ್ಲವೋ ಎಂದು ತಕರಾರು ಎದ್ದರೆ ಅಂಪೈರಿನ ಮಾತಿಗಿಂತ ಆಡಿದವಳ ಮಾತೇ ದೊಡ್ಡದು. ಅವಳು ಅಂಗಳದ ಮಣ್ಣನ್ನು ಬಲಗೈಯಲ್ಲಿ ಮುಟ್ಟಿ, ಹಣೆಗೆ ಹಚ್ಚಿಕೊಂಡು ನಿಜ ಹೇಳಬೇಕು. ಹೇಳಿದ ಮೇಲೆ ಎರಡು ಮಾತಿಲ್ಲ. ಮಣ್ಣು ಮುಟ್ಟಿ ಸುಳ್ಳು ಹೇಳಿದವಳ ಕಾಲು ಮತ್ತೆ ಅಂಗಳದಲ್ಲಿ ನಿಲ್ಲುವುದಿಲ್ಲ ಎಂದು ನಂಬಿಕೆ. ತಕರಾರು ಎದ್ದಾಗ “ಮಣ್ಣು ಮುಟ್ಸೀ” ಎಂದು ಮೂರು ಸಲ ಕೂಗುವವನು ನಾನು. ಮೂರನೆಯ ಕೂಗಿಗೆ ಇಡೀ ಮೈದಾನ ನನ್ನ ಜೊತೆ ಸೇರುತ್ತಿತ್ತು. ಎಂಥ ಅಂಪೈರನಾದರೂ ಪೀಪಿ ಜೇಬಿಗೆ ಹಾಕಿಕೊಂಡು ಪಕ್ಕಕ್ಕೆ ಸರಿಯಬೇಕು.

ಒಂದು ಸಲ ನನ್ನ ಮಗಳಿಗೂ ಕೂಗಿದ್ದೇನೆ. ಅವಳು ಆಗ ಕಾಲೇಜಿನ ಎರಡನೇ ವರ್ಷ, ಎಡಮೂಲೆಯಲ್ಲಿ ನಿಂತು ಕಾಲು ಹಿಡಿಯುವುದರಲ್ಲಿ ಗಟ್ಟಿಗಿತ್ತಿ. ಶಿರಾದಲ್ಲಿ ಪಂದ್ಯ. ಕೊನೆಯಲ್ಲಿ ರೈಡಿಗೆ ಬಂದ ಹುಡುಗಿಯ ಬೆರಳು ಇವಳ ಮೊಣಕೈಗೆ ತಾಗಿತು ಎಂದು ಅವರು, ಇಲ್ಲ ಎಂದು ಇವರು. ಅಂಪೈರು ಇಲ್ಲ ಎಂದ. ಅಪ್ಪ ಎಂದು ಸುಮ್ಮನಿದ್ದರೆ ನಾಳೆ ಯಾರ ಮಗಳನ್ನು ಯಾವ ಬಾಯಲ್ಲಿ ಕೇಳಲಿ? ಎದ್ದು ನಿಂತು ಮೂರು ಸಲ ಕೂಗಿದೆ. ಮಗಳು ನನ್ನ ಕಡೆ ಒಂದು ಸಲ ನೋಡಿದಳು. ಬಗ್ಗಿ ಮಣ್ಣು ಮುಟ್ಟಿದಳು. “ತಾಗಿತ್ತು, ನಾನು ಔಟ್” ಎಂದು ಹೊರನಡೆದಳು. ಅವಳ ಕಾಲೇಜು ಒಂದು ಪಾಯಿಂಟಿನಲ್ಲಿ ಸೋತಿತು. ಎಂಟು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮುದ್ದೆ ಬಡಿಸುವಾಗಲೂ ತಟ್ಟೆ ನೋಡಿಕೊಂಡೇ ಬಡಿಸುತ್ತಿದ್ದಳು. ನಾನಾದರೋ ಕೋರ್ಟಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ನನ್ನ ಮಗಳು ಸುಳ್ಳಾಡುವವಳಲ್ಲ, ಆಟ ಹೋದರೂ ಚಿಂತೆಯಿಲ್ಲ, ನಿಜ ಹೇಳಿದಳು ನೋಡಿ ಎಂದು. ಆ ಹೆಮ್ಮೆಯನ್ನು ಒಂಬತ್ತು ವರ್ಷ ಹೊತ್ತು ತಿರುಗಿದ್ದೇನೆ.

ಆಮೇಲೆ ಅವಳು ವ್ಯಾಯಾಮ ಶಿಕ್ಷಕಿಯಾಗಿ ತೋವಿನಕೆರೆಯ ಕಡೆ ಒಂದು ಹೈಸ್ಕೂಲಿಗೆ ಸೇರಿದಳು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಎರಡು ವರ್ಷದ ಹಿಂದೆ ಅಂಪೈರ್ ಪರೀಕ್ಷೆ ಬರೆದು ಪಾಸಾಗಿ, ಬಿಳಿ ಅಂಗಿ, ಬಿಳಿ ಪ್ಯಾಂಟು, ಕೊರಳಿಗೆ ಪೀಪಿ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು. ನನ್ನ ಹೆಂಡತಿ, “ಮನೇಲಿ ಕೂಗೋರು ಒಬ್ರಿದ್ದಿದ್ದು ಸಾಲ್ದು ಅಂತ ಊದೋಳು ಒಬ್ಳಾದ್ಲು” ಎಂದಳು. ಅಂಪೈರುಗಳ ಬಗ್ಗೆ ನಾನು ಜೀವಮಾನವೆಲ್ಲ ಆಡಿದ ಮಾತುಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ನಾಲ್ಕು ತಾಲ್ಲೂಕಿನ ಮಹಿಳಾ ಕಾಲೇಜು ಕಬಡ್ಡಿಯ ಫೈನಲ್ಲು ಈ ಸಲ ನಮ್ಮೂರಲ್ಲೇ, ಬೆಟ್ಟದ ಬುಡದ ಮೈದಾನದಲ್ಲಿ. ನಮ್ಮ ಮಧುಗಿರಿಯ ಹುಡುಗಿಯರಿಗೂ ಪಾವಗಡದವರಿಗೂ ಪಂದ್ಯ. ಒಂದು ಪಕ್ಕದ ಅಂಪೈರು ನನ್ನ ಮಗಳು. ಹೆಣ್ಣುಮಗಳೊಬ್ಬಳು ನಮ್ಮಲ್ಲಿ ಫೈನಲ್ಲಿಗೆ ಅಂಪೈರಾಗಿ ನಿಂತದ್ದು ಅದೇ ಮೊದಲು. ಹುಡುಗಿಯರ ಆಟವೇ ಆದರೂ ಪೀಪಿ ಮಾತ್ರ ಅಲ್ಲಿಯವರೆಗೆ ಗಂಡಸರ ಬಾಯಲ್ಲೇ ಇತ್ತು. ಆವತ್ತು ಅವಳ ಪೀಪಿಗೆ ಬೆಲೆ ಬಂದರೆ ಮುಂದೆಯೂ ಕರೆಯುತ್ತಾರೆ, ಬಾರದಿದ್ದರೆ “ಹೆಣ್ಮಕ್ಕಳ ಕೈಲಿ ಆಗಲ್ಲ ಅಂತ ಹೇಳಿರಲಿಲ್ವಾ” ಎಂದು ಶಾಶ್ವತವಾಗಿ ಮನೆಗೆ ಕಳಿಸುತ್ತಾರೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಳಿಗ್ಗೆ ಅವಳು ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಎದ್ದಳು. ಹೊರಡುವಾಗ, “ಅಪ್ಪ, ನೀನು ಇವತ್ತು ಬರ್ಲೇಬೇಕಾ?” ಎಂದು ಕೇಳಿದಳು.

“ಫೈನಲ್ಲು ಕಣಮ್ಮ,” ಎಂದೆ.

“ಬಂದ್ರೆ ಬಾಯಿ ಬುಡಬೇಡ.”

ಮಣ್ಣಿನ ಅಂಗಳದ ಮೇಲೆ ಈ ವರ್ಷ ಮೊದಲ ಸಲ ನೀಲಿ ಮ್ಯಾಟು ಹಾಸಿದ್ದರು. ಪಕ್ಕದ ಪಟ್ಟಿ ಹಳದಿ. ಅದನ್ನು ಲಾಬಿ ಎನ್ನುತ್ತಾರೆ. ರೈಡಿಗೆ ಹೋದವಳು ಎದುರಾಳಿಯನ್ನು ಮುಟ್ಟಿದ ಮೇಲೆ ಆ ಹಳದಿ ಪಟ್ಟಿಯಲ್ಲಿ ಕಾಲಿಡಬಹುದು. ಮುಟ್ಟುವ ಮುಂಚೆ ಇಟ್ಟರೆ ಅವಳೇ ಔಟ್. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ನಾನು ನನ್ನ ಜಾಗದಲ್ಲಿ, ಹಳದಿ ಪಟ್ಟಿಯ ಪಕ್ಕದಲ್ಲೇ ಕೂತಿದ್ದೆ. ಮಗಳು ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಹಗ್ಗದೊಳಗೆ ಕೂತಿದ್ದರೂ ಹಿಂದೆ ಹೋಗಿ ಎನ್ನಲಿಲ್ಲ. ಹೇಗೆ ಹೇಳುತ್ತಾಳೆ ಪಾಪ, ಎಂದುಕೊಂಡೆ.

ಇಡೀ ಪಂದ್ಯ ಅವಳು ಊದಿದ್ದೆಲ್ಲ ಸರಿಯಾಗಿತ್ತು. ಡ್ರೈವರ್ ಸಾಹೇಬರು ನನ್ನ ತೊಡೆ ತಟ್ಟಿ, “ಇನ್ಸಾಫ್, ನ್ಯಾಯ ಅಂದ್ರೆ ಇದು” ಎಂದರು. ಮೇಷ್ಟ್ರು ತಮ್ಮೂರಿಗೆ ವಿರುದ್ಧವಾದ ಒಂದೆರಡು ತೀರ್ಪನ್ನೂ ಗೊಣಗದೆ ನುಂಗಿಕೊಂಡರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾದಂತೆ ಅನಿಸುತ್ತಿತ್ತು. ಸುಳ್ಳಲ್ಲ.

ಕೊನೆಯ ರೈಡು. ಎರಡೂ ಕಡೆ ಪಾಯಿಂಟು ಸಮ. ನಮ್ಮ ಹುಡುಗಿ ಹೋಗಬೇಕು. ಬಡವನಹಳ್ಳಿ ಹೋಬಳಿಯ ಕುಳ್ಳಿ, ಕಡ್ಡಿಯಂಥ ಕಾಲು, ಆದರೆ ಹಾವಿನಂತೆ ಹರಿಯುತ್ತಿದ್ದಳು. ಪಾವಗಡದ ಕಡೆ ಅಂಗಳದಲ್ಲಿ ಉಳಿದಿದ್ದವರು ನಾಲ್ಕೇ ಜನ.

“ಗೆರೆ ಮುಟ್ಟಿ ಬಂದ್ಬುಡ್ಲಿ,” ಎಂದರು ಡ್ರೈವರ್ ಸಾಹೇಬರು. “ಸಮ ಆದ್ರೆ ಆಗ್ಲಿ. ಮುಂದೆ ಐದೈದು ರೈಡು ಕೊಡ್ತಾರೆ, ಆವಾಗ ನೋಡ್ಕೊಳಾಣ.”

“ಅವುನು, ಸಮ ಸಾಕು,” ಎಂದರು ಮೇಷ್ಟ್ರು. “ನಾಲ್ಕು ಜನ ಇದಾರೆ, ಎಂದುಕು, ಯಾಕೆ ಈ ದುಡುಕು?”

“ನಾಲ್ಕೇ ಜನ ಇರೋದಕ್ಕೇ ಹೋಗಬೇಕು,” ಎಂದೆ ನಾನು. “ಆ ಐದು ರೈಡಿಗೆ ಮತ್ತೆ ಏಳೂ ಜನ ಒಳಗೆ ಬಂದ್ರೆ ಇವಳನ್ನ ಹಿಡಿದು ಹಿಟ್ಟು ಮಾಡ್ತಾರೆ.”

ನನ್ನ ಮಾತು ಕೇಳಿಸಿತೋ, ಅವಳಿಗೇ ಹಾಗೆ ಅನಿಸಿತೋ, ಹುಡುಗಿ ಮೂಲೆಗೇ ಹೋದಳು. ಪಾವಗಡದ ಮೂಲೆಯವಳು ಹಿಂದೆ ಸರಿದಳು. ಇವಳು ಬಲಗೈ ಚಾಚಿ ಎಗರಿದಳು. ಕೈ ಅವಳ ಭುಜದ ಕಡೆ, ಬಲಗಾಲು ಹಳದಿ ಪಟ್ಟಿಯ ಕಡೆ, ಎರಡೂ ಒಟ್ಟಿಗೆ. ಆಮೇಲೆ ಉರುಳಿಕೊಂಡು ಬಂದು ನಡುಗೆರೆ ಮುಟ್ಟಿದಳು. ಮಧುಗಿರಿಯವರೆಲ್ಲ ಎದ್ದು ಕುಣಿಯತೊಡಗಿದರು. ಅಷ್ಟರಲ್ಲಿ ಮಗಳ ಪೀಪಿ ಕೇಳಿಸಿತು. ಅವಳು ಹಳದಿ ಪಟ್ಟಿಯನ್ನು ಬೆರಳಿನಿಂದ ತೋರಿಸಿ, ಪಾವಗಡದ ಕಡೆಗೆ ಕೈ ಎತ್ತಿದಳು. ಕಾಲು ಮೊದಲು ಬಿತ್ತು, ಮುಟ್ಟಿದ್ದು ಆಮೇಲೆ, ರೈಡರ್ ಔಟ್, ಪಾವಗಡಕ್ಕೆ ಪಾಯಿಂಟು. ಪಂದ್ಯವೂ ಅವರದೇ.

ಈಗ ನಾನು ಕಂಡದ್ದನ್ನು ಹೇಳಬೇಕು. ನನ್ನ ಕಣ್ಣಿಗೆ ಕೈ ಮೊದಲು ಮುಟ್ಟಿತ್ತು. ಭುಜದ ಮೇಲಿನ ಬಟ್ಟೆ ಅಲುಗಿದ್ದನ್ನು ಕಂಡಿದ್ದೆ, ಕಾಲು ಇನ್ನೂ ಗಾಳಿಯಲ್ಲಿತ್ತು. ಪ್ರಮಾಣ ಮಾಡಿ ಹೇಳು ಎಂದರೆ ಇವತ್ತಿಗೂ ಹಾಗೇ ಹೇಳುತ್ತೇನೆ.

ಕುಣಿಯುತ್ತಿದ್ದವರು ಅರೆಕ್ಷಣ ಹಾಗೇ ನಿಂತರು. ಆಮೇಲೆ ಗದ್ದಲ ಎದ್ದಿತು. ಹಗ್ಗ ಕಿತ್ತುಬಂತು. “ಕೈ ಮೊದ್ಲು, ಕೈ ಮೊದ್ಲು” ಎಂದು ನೂರು ಬಾಯಿ. ಹತ್ತಿಪ್ಪತ್ತು ಜನ ನನ್ನ ಕಡೆ ತಿರುಗಿದರು. “ಯಜಮಾನ್ರೇ, ಕೂಗಿ. ಮಣ್ಣು ಮುಟ್ಸಿ.” ನಾನು ಕೂಗಲಿಲ್ಲ. ಕೂಗಲು ಬಾಯಿ ತೆರೆದದ್ದು ನಿಜ, ಅಭ್ಯಾಸಬಲ. ಆದರೆ ಮತ್ತೆ ಮುಚ್ಚಿಕೊಂಡೆ. ನಾನು ಕೂಗದಿದ್ದರೂ ಅವರೇ ಕೂಗಿಕೊಂಡರು. ಹುಡುಗಿ ಮ್ಯಾಟಿನ ಅಂಚಿಗೆ ಬಂದು, ಮಣ್ಣು ಮುಟ್ಟಲು ಸಿದ್ಧವಾಗಿ ಬಗ್ಗಿ ನಿಂತಳು.

ಮುಖ್ಯ ರೆಫ್ರಿ ವಯಸ್ಸಾದ ಮನುಷ್ಯ, ಜಗಳವೆಂದರೆ ಆಗದು. ಅವರು ನನ್ನ ಮಗಳ ಹತ್ತಿರ ಬಂದು, “ಮುಟ್ಟಿಸಿಬುಡಿ ಮೇಡಂ, ಗಲಾಟೆ ಯಾಕೆ,” ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಬೇಡ ಸಾರ್,” ಎಂದಳು ಅವಳು. “ತೀರ್ಪು ಆಗೋಯ್ತು. ಆ ಹುಡುಗಿ ಏನೂ ಮುಟ್ಟೋದು ಬೇಡ.” ಹುಡುಗಿಯ ತೋಳು ಹಿಡಿದು ಎಬ್ಬಿಸಿ ಅವಳ ತಂಡದ ಕಡೆ ಕಳಿಸಿದಳು.

ಆಗ ಗುಂಪಿನಲ್ಲಿದ್ದ ಒಬ್ಬ ಬುಶ್‌ಶರ್ಟಿನ ಗಂಡಸು ಬಗ್ಗಿ ಮೈದಾನದ ಅಂಚಿನಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಂದ. ನನ್ನ ಮಗಳ ಬಿಳಿ ಬೂಟಿನ ಮುಂದೆ, ನೀಲಿ ಮ್ಯಾಟಿನ ಮೇಲೆ ಅದನ್ನು ಸುರಿದ. “ಹಂಗಾದ್ರೆ ಅಂಪೈರಮ್ಮನೇ ಮುಟ್ಲಿ. ಮುಟ್ಟಿ ಹೇಳ್ಲಿ, ಕಾಲು ಮೊದ್ಲು ಅಂತ,” ಎಂದ. ಗುಂಪು ಹೋ ಎಂದಿತು. ನಾನು ಅಷ್ಟು ವರ್ಷ ಅಷ್ಟು ಜನ ಅಂಪೈರುಗಳನ್ನು ಬೈದಿದ್ದೇನೆ, ಅವರಲ್ಲಿ ಒಬ್ಬನಿಗಾದರೂ ಮಣ್ಣು ಮುಟ್ಟು ಎಂದು ಯಾರೂ ಹೇಳಿರಲಿಲ್ಲ. ಗಂಡಸರಿಗೆ ಕೇಳದ ಪ್ರಮಾಣವನ್ನು ಇವಳಿಗೆ ಕೇಳುತ್ತಿದ್ದಾರೆ. ಮಗಳು ಮಣ್ಣನ್ನು ನೋಡಿದಳು. ಆಮೇಲೆ, ಆವತ್ತು ಮೊದಲ ಸಲ, ನನ್ನನ್ನು ನೋಡಿದಳು.

ನನಗೆ ಕೋಪ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. ಆ ಬುಶ್‌ಶರ್ಟಿನವನಿಗೆ ಮಣ್ಣಿನ ವಿದ್ಯೆ ಕಲಿಸಿದವನು ನಾನೇ. ಎದ್ದು ನಿಂತು ಕೋರ್ಟಿನ ಗಂಟಲಿನಲ್ಲಿ “ನಿಶ್ಶಬ್ದ” ಎಂದು ಮೂರು ಸಲ ಕೂಗಿದೆ. ಮೂರನೆಯ ಸಲಕ್ಕೆ ಮೈದಾನ ಸುಮ್ಮನಾಯಿತು.

“ಮೂವತ್ತೊಂದು ವರ್ಸ ಕೋರ್ಟಿನ ಬಾಗ್ಲಲ್ಲಿ ನಿಂತಿದ್ದೋನು ನಾನು,” ಎಂದೆ. “ಸಾಕ್ಷಿ ಕಟ್ಟೆ ಹತ್ತಿದೋರು ಪ್ರಮಾಣ ಮಾಡೋದು ನೋಡಿವ್ನಿ. ವಾದಿ ಮಾಡ್ತಾನೆ, ಪ್ರತಿವಾದಿ ಮಾಡ್ತಾನೆ. ತೀರ್ಪು ಕೊಡೋ ಜಡ್ಜು ಕೇಸು ಕೇಸಿಗೂ ಕೆಳಗಿಳಿದು ಬಂದು ಪ್ರಮಾಣ ಮಾಡಿದ್ದು ನಾನಂತೂ ಕಂಡಿಲ್ಲ. ನೀವೇನಾರ ಕಂಡಿದ್ರೆ ಹೇಳಿ.”

“ನಿಮ್ಮ ಮಗಳು ಅಂತ ಹಿಂಗಂತೀರಾ,” ಎಂದ ಬುಶ್‌ಶರ್ಟಿನವನು.

“ನನ್ನ ಮಗಳೇ ಕಣಯ್ಯಾ, ಇಲ್ಲ ಅಂದ್ನಾ? ಅವಳ ತೀರ್ಪು ತಪ್ಪು. ನನ್ನ ಕಣ್ಣಿಗೆ ಕೈಯೇ ಮೊದ್ಲು ಕಂಡಿದ್ದು. ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಚೆನ್ನಾಗಿ ನೋಡಿವ್ನಿ. ಆದ್ರೆ ಪೀಪಿ ಇರೋದು ಅವಳ ಕೊರಳಲ್ಲಿ, ನನ್ನ ಕೊರಳಲ್ಲಲ್ಲ, ನಿನ್ನ ಕೊರಳಲ್ಲೂ ಅಲ್ಲ. ತೀರ್ಪು ಒಪ್ಪದೇ ಇದ್ರೆ ಮೇಲಕ್ಕೆ ಅರ್ಜಿ ಹಾಕು. ಮಣ್ಣು ಎತ್ಕೋ.”

ಯಾರೋ ಹಿಂದಿನಿಂದ ನಕ್ಕರು. ಅಪ್ಪನೇ ಮಗಳ ತೀರ್ಪು ತಪ್ಪೆಂದು ಊರ ಮುಂದೆ ಹೇಳಿದ್ದು ಅವರಿಗೆ ತಮಾಷೆಯಾಗಿತ್ತು. ಒಬ್ಬರು ನಕ್ಕದ್ದೇ ಇನ್ನೊಬ್ಬರು ನಕ್ಕರು. ಡ್ರೈವರ್ ಸಾಹೇಬರು ಹೋಗಿ ಬುಶ್‌ಶರ್ಟಿನವನ ಹೆಗಲ ಮೇಲೆ ಕೈ ಹಾಕಿ, “ಸಬರ್ ಮಾಡು, ತಾಳ್ಕೋ ಮಾರಾಯ, ನೆಕ್ಸ್ಟ್ ಇಯರ್ ಐತೆ” ಎಂದರು. ಅವನು ಮಣ್ಣು ಎತ್ತಲಿಲ್ಲ. ಮೇಷ್ಟ್ರು ತಮ್ಮ ಕರ್ಚೀಫಿನಿಂದ ಅದನ್ನು ಗುಡಿಸಿ ತೆಗೆದರು. ರೆಫ್ರಿ ಅಂಕದ ಹಾಳೆಗೆ ಸಹಿ ಹಾಕಿದರು. ಪಾವಗಡದ ಹುಡುಗಿಯರು ಕಪ್ಪು ಎತ್ತಿಕೊಂಡು ಬಸ್ಸು ಹತ್ತಿದರು. ಮಗಳು ನನ್ನನ್ನು ದಾಟಿಕೊಂಡೇ ಹೋದಳು.

ಆಮೇಲೆ ಟೀ ಅಂಗಡಿಯಲ್ಲಿ ನಮ್ಮ ಕಚೇರಿ ಸೇರಿತು. ಸಮ ಮಾಡಿಕೊಂಡು ಬರಬೇಕಿತ್ತು ಎಂದು ಅವರಿಬ್ಬರು, ಹೋದದ್ದೇ ಸರಿ ಎಂದು ನಾನು. ಇನ್ನು ಕೈ ಮೊದಲೋ ಕಾಲು ಮೊದಲೋ ಎಂಬುದಕ್ಕೆ ಡ್ರೈವರ್ ಸಾಹೇಬರು ಕೈ, ಮೇಷ್ಟ್ರು ಕಾಲು. “ನಿಮ್ಮೂರು ಗೆದ್ದಿದ್ದಕ್ಕೆ ಕಾಲು ಅಂತೀರಿ” ಎಂದು ನಾನು ಕೆಣಕಿದೆ. ಯಾರೋ ಮೊಬೈಲಿನಲ್ಲಿ ವಿಡಿಯೋ ತೆಗೆದಿದ್ದರು. ಮೂವರೂ ಕನ್ನಡಕ ಹಾಕಿಕೊಂಡು ತಲೆ ತಲೆ ತಗುಲಿಸಿ ನೋಡಿದೆವು. ಸರಿಯಾಗಿ ಆ ಗಳಿಗೆಯಲ್ಲಿ ಒಬ್ಬ ಮುದುಕನ ತಲೆ ಅಡ್ಡ ಬಂದಿತ್ತು. ಟವಲ್ಲು ನೋಡಿದರೆ ಅದು ನಾನೇ.

ಅಷ್ಟರಲ್ಲಿ ಆ ಕುಳ್ಳಿ ಹುಡುಗಿ ತನ್ನ ಅವ್ವನ ಜೊತೆ ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿದ್ದಳು. ನಾನು ಕರೆದು ಒಂದು ಲೋಟ ಟೀ ಕೊಡಿಸಿ ಕೇಳಿದೆ. “ನೀನು ಹೇಳವ್ವ. ಈಗ ಮಣ್ಣೂ ಬೇಡ, ಏನೂ ಬೇಡ. ಕೈ ಮೊದ್ಲಾ, ಕಾಲು ಮೊದ್ಲಾ?”

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಂಗೊತ್ತಿಲ್ಲ ತಾತ,” ಎಂದಳು. “ಎಗರಿದ್ಮೇಲೆ ಏನೂ ಗೊತ್ತಾಗಲಿಲ್ಲ.”

“ಮತ್ತೆ ಮಣ್ಣು ಮುಟ್ಟೋಕೆ ಬಗ್ಗಿದ್ಯಲ್ಲ? ಮುಟ್ಟಿ ಏನ್ ಹೇಳ್ತಿದ್ದೆ?”

“ಎಲ್ರೂ ಕೂಗ್ತಿದ್ರಲ್ಲ. ಅವರು ಹೇಳಿದಂಗೆ ಹೇಳ್ತಿದ್ದೆ.”

ನಾನು ಟೀ ಲೋಟ ಕೆಳಗಿಟ್ಟೆ. ಮೇಷ್ಟ್ರು ನನ್ನ ಮುಖ ನೋಡಿ, “ಏಮಯ್ಯಾ, ಸುಮ್ನಾಗ್ಬಿಟ್ರಿ?” ಎಂದರು. ಬಸ್ಸಿನ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದೆ. ನನ್ನ ಮನೆ ಅಲ್ಲಿಂದ ನಡೆದುಹೋಗುವಷ್ಟೇ ದೂರ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಮಗಳು ನಲ್ಲಿಯ ಹತ್ತಿರ ಕೂತು ಬಿಳಿ ಬೂಟನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಮಣ್ಣು ಹೊಲಿಗೆಯ ಸಂದಿಯಲ್ಲಿ ಕೂತಿತ್ತು. ನಾನು ಎದುರಿಗೆ ಕಟ್ಟೆಯ ಮೇಲೆ ಕೂತೆ. ಊರ ಮುಂದೆ ನಿನ್ನ ತೀರ್ಪು ತಪ್ಪು ಅಂದದ್ದಕ್ಕೆ ಬೇಜಾರಾ ಎಂದು ಕೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ.

“ಆ ಹುಡುಗಿಗೆ ಗೊತ್ತೇ ಇರ್ಲಿಲ್ವಂತೆ ಕಣಮ್ಮ. ಕೈ ಮೊದ್ಲೋ ಕಾಲು ಮೊದ್ಲೋ ಅಂತ.”

“ಗೊತ್ತಿರಲ್ಲ ಅಪ್ಪ,” ಎಂದಳು, ಬೂಟು ಉಜ್ಜುತ್ತಲೇ. “ನಂಗೂ ಗೊತ್ತಿರ್ಲಿಲ್ಲ.”

“ನಿಂಗೆ? ಯಾವಾಗ?”

“ಶಿರಾದಲ್ಲಿ. ಅವಳ ಬೆರಳು ನನ್ನ ಮೊಣಕೈಗೆ ತಾಗ್ತೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ. ಅಂಪೈರ್ ಇಲ್ಲ ಅಂದಿದ್ರು. ನೀನು ಎದ್ದು ನಿಂತು ಕೂಗಿದೆ. ನಮ್ಮಪ್ಪನೇ ಕೂಗ್ತಾವ್ನೆ ಅಂದ್ರೆ ತಾಗಿರ್ಬೇಕು ಅಂದ್ಕೊಂಡೆ. ಅದಕ್ಕೇ ಔಟ್ ಅಂದೆ.”

ನಲ್ಲಿಯಿಂದ ನೀರು ಬೀಳುತ್ತಿತ್ತು, ಅವಳು ನಿಲ್ಲಿಸಿದಳು. ಒಂಬತ್ತು ವರ್ಷ ನಾನು ಕಂಡಕಂಡವರಿಗೆ ಹೇಳಿಕೊಂಡ ಆ ನಿಜ, ನನ್ನ ಗಂಟಲನ್ನು ನಂಬಿದ ಹುಡುಗಿಯೊಬ್ಬಳು ಆಡಿದ ಮಾತು. ನನಗೆ ನಾಚಿಕೆಯಾಯಿತು. ಆ ನಾಚಿಕೆ ಈಗಲೂ ಪೂರ್ತಿ ಹೋಗಿಲ್ಲ. ಎಷ್ಟು ಜನರ ಮಕ್ಕಳನ್ನು ಹೀಗೆ ಬಗ್ಗಿಸಿದ್ದೇನೋ.

“ಅದಕ್ಕೇ ನಿನ್ನೆ ಅವಳನ್ನ ಮುಟ್ಟಕ್ಕೆ ಬುಡ್ಲಿಲ್ಲ,” ಎಂದಳು. “ನೋಡೋ ಕೆಲ್ಸ ನಂದು. ಅವಳ ತಲೆ ಮೇಲೆ ಯಾಕೆ ಹಾಕ್ಲಿ?” ಆಮೇಲೆ ತಲೆ ಎತ್ತಿ ಕೇಳಿದಳು: “ನಿಜವಾಗ್ಲೂ ನಿಂಗೆ ಕೈ ಮೊದ್ಲು ಕಂಡಿದ್ದಾ?”

“ಹೌದು.”

“ನಂಗೆ ಕಾಲು ಮೊದ್ಲು ಕಂಡಿದ್ದು.”

“ಇರ್ಲಿ ಬುಡು,” ಎಂದೆ. ಒಳಗಿನಿಂದ ನನ್ನ ಹೆಂಡತಿ, “ಆಟ ಮುಗುದ್ರೂ ಇವರದ್ದು ಮುಗಿಯಾಕಿಲ್ಲ, ರೊಟ್ಟಿ ತಣ್ಣಗಾಯ್ತಾ ಐತೆ” ಎಂದು ಕರೆದಳು.

ಎರಡು ತಿಂಗಳಾದ ಮೇಲೆ ಕೊರಟಗೆರೆಯಲ್ಲಿ ಪಂದ್ಯ. ಅಂಪೈರಾಗಿ ಮತ್ತೆ ಅವಳನ್ನೇ ಕರೆದಿದ್ದರು. ಆ ಗಲಾಟೆಯಲ್ಲಿ ತೀರ್ಪು ಬದಲಿಸದೆ ನಿಂತದ್ದಕ್ಕೇ ಕರೆದರು ಎಂದು ಮುಖ್ಯ ರೆಫ್ರಿಯೇ ಹೇಳಿದರಂತೆ. ನಾವು ಮೂವರೂ ಮೊದಲ ಬಸ್ಸಿಗೆ ಹೋದೆವು. ನಾನು ನನ್ನ ಜಾಗದಲ್ಲಿ, ಗೆರೆಯಿಂದ ಒಂದು ಮಾರು ದೂರದಲ್ಲಿ, ಟವಲ್ಲು ಹಾಸಿ ಕೂತೆ. ಎರಡನೆಯ ಅರ್ಧದಲ್ಲಿ ಒಂದು ತಕರಾರು ಎದ್ದಿತು. ಮಗಳು ಔಟ್ ಎಂದಳು, ನನಗೆ ಅದು ಖಂಡಿತ ಔಟ್ ಅಲ್ಲ. ಜನ ಗೊಣಗಿದರು, ಕೆಲವರು ಅಭ್ಯಾಸದಂತೆ ನನ್ನ ಕಡೆ ನೋಡಿದರು. ಮಣ್ಣಿನ ಮಾತು ನಾನು ಎತ್ತಲಿಲ್ಲ. ಆದರೆ ಗಂಟಲು ಸುಮ್ಮನಿರಬೇಕಲ್ಲ. “ಔಟ್ ಎಲ್ಲಿಂದ ಬಂತು ಮೇಡಂ, ಕಣ್ಣು ಎಲ್ಲಿಟ್ಟಿದ್ರಿ” ಎಂದು ಕೂಗಿಬಿಟ್ಟೆ.

ಅವಳು ಆಟ ನಿಲ್ಲಿಸಿದಳು. ನೇರವಾಗಿ ನನ್ನ ಹತ್ತಿರ ನಡೆದು ಬಂದಳು. ಬೂಟು ಬೆಳ್ಳಗೆ ಹೊಳೆಯುತ್ತಿತ್ತು.

“ಯಜಮಾನ್ರೇ,” ಎಂದಳು. ಹುಟ್ಟಿದಾಗಿನಿಂದ ನೀನು ಎಂದವಳು. “ನೀವು ಹಗ್ಗದ ಹಿಂದೆ ಕೂತ್ಕೊಳ್ಳಿ. ಅಲ್ಲೀವರೆಗೂ ಆಟ ಶುರು ಮಾಡಲ್ಲ.”

ಇಡೀ ಮೈದಾನ ನೋಡುತ್ತಿತ್ತು. ನಾನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೆ. ಹಗ್ಗ ಎತ್ತಿ, ತಲೆ ಬಗ್ಗಿಸಿ ಅದರಡಿಯಲ್ಲಿ ನುಸುಳಿ, ಹಿಂದೆ ಹೋಗಿ ಕೂತೆ. ಅವಳು ಪೀಪಿ ಊದಿದಳು. ಪಕ್ಕದಲ್ಲಿದ್ದವನೊಬ್ಬ, ಕೊರಟಗೆರೆಯವನಿರಬೇಕು, ನಮ್ಮ ಪರಿಚಯವಿಲ್ಲ, “ಯಾರ್ರೀ ಈ ಅಂಪೈರಮ್ಮ, ಭಾರಿ ಖಡಕ್ಕು” ಎಂದು ಕೇಳಿದ.

“ನನ್ನ ಮಗಳು,” ಎಂದೆ. “ಆದ್ರೆ ಅದು ಔಟ್ ಅಲ್ಲ.”